ಹತ್ತು ಓಮಿನ ಕಾಯಿಲ್

"ಇಪ್ಪತ್ಮೂರು ಆಂಪಿಯರ್. ವೋಲ್ಟೇಜು ಇನ್ನೂರ ಮೂವತ್ತು." ಹೀಟರಿನ ತಂತಿಗೆ ಹಾಕಿದ್ದ ಮೀಟರನ್ನು ವಿದ್ಯುತ್ ಇಲಾಖೆಯ ಇನ್‌ಸ್ಪೆಕ್ಟರಮ್ಮ ಎಲ್ಲರಿಗೂ ಕೇಳುವಂತೆ ಓದಿದಳು. ಲಾಂಡ್ರಿಯ ಹೆಂಗಸರು ಬಟ್ಟೆ ಹಿಂಡುವುದನ್ನು ಬಿಟ್ಟು ತಿರುಗಿ ನೋಡಿದರು. ಹೋದ ವರ್ಷ ಈ ಹೀಟರಿನ ತಂತಿ ಹೊತ್ತಿ ಉರಿದಾಗ ಮಾಲೀಕ ತಪ್ಪನ್ನೆಲ್ಲ ವೈರ್‌ಮನ್ನಿನ ತಲೆಗೆ ಕಟ್ಟಿ, ದಪ್ಪ ತಂತಿ ಎಳೆಸಿ, ಅದೇ ಹೀಟರನ್ನು ಓಡಿಸುತ್ತಿದ್ದ. ಆ ವೈರ್‌ಮನ್ ಈ ಇನ್‌ಸ್ಪೆಕ್ಟರಮ್ಮನ ಅಣ್ಣ. ಲೈಸೆನ್ಸ್ ಕಳೆದುಕೊಂಡು ಕೊರಗಿ ಕೊರಗಿಯೇ ಸತ್ತ.

ಅವಳು ಮಾಲೀಕನ ಕೈಗೆ ಪೆನ್ಸಿಲ್ ಕೊಟ್ಟಳು. "ನೀವೇ ಲೆಕ್ಕ ಮಾಡಿ. ವೋಲ್ಟನ್ನ ಆಂಪಿಯರಿಂದ ಭಾಗಿಸಿ."

"ಹತ್ತು," ಎಂದ ಮಾಲೀಕ.

"ಹತ್ತು ಓಮ್. ಹೀಟರಿನ ತಗಡಿನ ಮೇಲೆ ಎರಡು ಸಾವಿರ ವ್ಯಾಟ್ ಅಂತಿದೆ. ಅದಕ್ಕೆ ಇಪ್ಪತ್ತಾರು ಓಮಾದರೂ ಇರ್ಬೇಕು. ಈಗ ವೋಲ್ಟನ್ನೂ ಆಂಪಿಯರನ್ನೂ ಗುಣಿಸಿ."

ಪೆನ್ಸಿಲ್ ಐದು ಸಾವಿರದ ಇನ್ನೂರ ತೊಂಬತ್ತು ವ್ಯಾಟ್ ಎಂದು ಬರೆಯಿತು. ಎರಡು ಸಾವಿರ ವ್ಯಾಟಿಗೆಂದು ಅಣ್ಣ ಎಳೆದಿದ್ದ ತಂತಿಗೆ, ನೀರು ಬೇಗ ಕಾಯಲೆಂದು ಇವನು ಗುಟ್ಟಾಗಿ ಬೇರೆ ಕಾಯಿಲ್ ಹಾಕಿಸಿ ಅಷ್ಟು ಭಾರ ಹೊರಿಸಿದ್ದ.

"ಏನೋ ಬಾಯ್ತಪ್ಪಿ ನಿಮ್ಮಣ್ಣನ ಹೆಸರು ಹೇಳ್ಬಿಟ್ಟೆ ತಾಯಿ," ಎಂದ ಮಾಲೀಕ ಮೆಲ್ಲಗೆ. "ಹೋದವನು ಹೋದ. ಹೊಟ್ಟೆಗೆ ಹಾಕ್ಕೊಂಡ್ಬಿಡಿ."

"ಬಾಯಲ್ಲಿ ಹೇಳಿರ್ಲಿಲ್ಲ, ಬರೆದು ಕೊಟ್ಟಿದ್ರಿ. ಇವತ್ತೂ ಬರೆದೇ ಕೊಡಿ."

ಅವನು ಪಕ್ಕದ ಕುರ್ಚಿಯತ್ತ ಕೈ ಚಾಚಿದ. ಅವಳು ಅದರ ಮೇಲೆ ತನ್ನ ಚೀಲವಿಟ್ಟಳು. ಅಷ್ಟೂ ಹೆಂಗಸರ ಎದುರು, ಅಣ್ಣನದೇನೂ ತಪ್ಪಿರಲಿಲ್ಲವೆಂದು, ಮಾಲೀಕ ನಿಂತೇ ಬರೆದ.