ಸಾಬಮ್ಮ ಕೂತಾಗ ಬರುವ ಸದ್ದು

ಅಫಜಲಪುರದ ಮಿಸ್ತ್ರಿ ಅಮೀರ ಗಾಡಿಯ ಕೆಳಗಿನಿಂದ ತೆವಳುತ್ತ ಹೊರಗೆ ಬಂದು, ಏನೂ ಇಲ್ಲ ಎಂದು ಕೈ ಝಾಡಿಸಿದ. ಹೋದ ಸಲವೂ ಇದನ್ನೇ ಹೇಳಿದ್ದ. ಗೇರ್ ಆಯಿಲ್ ಬದಲಿಸಿ, ಉದ್ದನೆಯ ಶಾಫ್ಟಿಗೆ ಹೊಸ ಜಾಯಿಂಟು ಹಾಕಿ, ನಾಲ್ಕೂ ಗಾಲಿ ಬಿಚ್ಚಿ ನೋಡಿದ್ದಾಗಿತ್ತು. ಆದರೂ ಶಾಂತಕುಮಾರನ ಫೋರ್ ವ್ಹೀಲ್ ಪಿಕಪ್ಪು ಒಮ್ಮೊಮ್ಮೆ ಹೊಟ್ಟೆಯೊಳಗಿಂದ ಕರಕರ ಹಲ್ಲು ಕಡಿಯುತ್ತಿತ್ತು.

"ಯಾವಾಗ ಬರ್ತದ ಅದಾದ್ರೂ ಹೇಳ್ರಿ ಅಣ್ಣಾ," ಎಂದ ಅಮೀರ.

ಯಾವಾಗ ಎಂಬುದು ಶಾಂತಕುಮಾರನಿಗೆ ಚೆನ್ನಾಗಿ ಗೊತ್ತಿತ್ತು. ಹೇಳಲು ಬಾಯಿ ಬರುತ್ತಿರಲಿಲ್ಲ. ಒಬ್ಬನೇ ಹೊರಟರೆ ಗಾಡಿ ಸುಮ್ಮನೆ ಓಡುತ್ತಿತ್ತು. ಪಕ್ಕದಲ್ಲಿ ಹೊಸ ಹೆಂಡತಿ ಸಾಬಮ್ಮ ಕೂತರೆ ಸಾಕು, ಊರು ದಾಟುವಷ್ಟರಲ್ಲಿ ಸದ್ದು ಶುರು. ಅವನು ನಕ್ಕಿದ್ದ, ಅವ್ವ ನಗಲಿಲ್ಲ. ಸೊಸೆಯ ಕಾಲ್ಗುಣ ಸರಿಯಿಲ್ಲ, ಗಾಡಿ ಹತ್ತಿಸಬೇಡ ಎಂದಳು. ಅವನೇನೂ ನಂಬಲಿಲ್ಲ. ಆದರೆ ಲೋಡು ಜಾಸ್ತಿ ಎಂದು ನೆಪ ಹೇಳಿ ಹೆಂಡತಿಯನ್ನು ಜೇವರ್ಗಿ ಸಂತೆಗೆ ಬಸ್ಸಿನಲ್ಲಿ ಕಳಿಸತೊಡಗಿದ. ನಂಬದೆಯೇ ಇಷ್ಟೆಲ್ಲ ಮಾಡುವ ಜನ ನಮ್ಮಲ್ಲಿ ಕಡಿಮೆಯೇನಿಲ್ಲ. ಇವತ್ತು ಅವ್ವನ ಮಾತಿನಂತೆ ಅವಳನ್ನು ಅತನೂರಿನ ತವರಿಗೆ ಬಿಡಲು ಹೊರಟಿದ್ದ. ನಾಕು ದಿನ ಇದ್ದು ಬಾ ಎಂದು ಅವಳಿಗೆ ಹೇಳಿದ್ದ. ಎಷ್ಟು ದಿನ ಎಂದು ಅವ್ವ ಹೇಳಿರಲಿಲ್ಲ, ಇವನೂ ಕೇಳಿರಲಿಲ್ಲ.

ಸಾಬಮ್ಮ ಚೀಲ ಹಿಡಿದು ಬೇವಿನ ನೆರಳಲ್ಲಿ ನಿಂತಿದ್ದಳು. ಶಾಂತಕುಮಾರ ಅಮೀರನನ್ನು ಆಚೆ ಕರೆದು ತಗ್ಗಿದ ದನಿಯಲ್ಲಿ ಎಲ್ಲ ಹೇಳಿದ. ಅಮೀರ ತಲೆ ಕೆರೆದುಕೊಂಡ. ಇಬ್ಬರೇ ಒಂದು ಸುತ್ತು ಹೋಗಿ ಬಂದರು, ಸದ್ದಿಲ್ಲ. ಸಾಬಮ್ಮನನ್ನು ಕೂರಿಸಿ, ಅಮೀರ ಹಿಂದೆ ನಿಂತು ಹೊರಟರೆ, ಬೀದಿ ತಿರುಗುವ ಮೊದಲೇ ಕರಕರ. ಕಿವಿಯಾರೆ ಕೇಳಿದ ಮೇಲೆ ಅವನ ಮುಖವೂ ಸಪ್ಪಗಾಯಿತು. ಏನೂ ತೋಚದೆ ಕೆಳಗಿಳಿದು ಬಾಗಿಲು ತೆಗೆದು ನೋಡಿದ.

ಗೇರಿನ ಪಕ್ಕದ ಸಣ್ಣ ಲಿವರಿಗೆ ಸಾಬಮ್ಮನ ಚೀಲ ಜೋತುಬಿದ್ದಿತ್ತು. ಎರೆಮಣ್ಣಿನ ರಾಡಿಯಲ್ಲಿ ಸಿಕ್ಕಾಗ ನಾಲ್ಕೂ ಗಾಲಿ ಎಳೆಯಲೆಂದು ಹಾಕುವ ಲಿವರು ಅದು. ಚೀಲದ ಭಾರಕ್ಕೆ ಅರ್ಧ ಸರಿದು, ಕೆಳಗೆ ಗೇರುಗಳ ಹಲ್ಲಿಗೆ ಹಲ್ಲು ತಿಕ್ಕುತ್ತಿತ್ತು.

"ಅಕ್ಕಾರ, ಚೀಲ ಇಲ್ಲಿ ಯಾಕ ಹಾಕೀರಿ?"

"ಅದರಾಗ ಬುತ್ತಿ ಅದ್ರಿ. ರೊಟ್ಟಿ ಕಾಲ ಹತ್ರ ಹ್ಯಾಂಗ ಇಡೂದು?"

ಅಮೀರನಿಗೆ ನಗು ತಡೆಯಲಾಗಲಿಲ್ಲ. "ಕಾಲ್ಗುಣ ಅಲ್ಲಣ್ಣಾ ಇದು, ಬುತ್ತಿ ಚೀಲ," ಎಂದು ಗ್ಯಾರೇಜಿಗೆಲ್ಲ ಕೇಳುವಂತೆ ಹೇಳಿಬಿಟ್ಟ. ಶಾಂತಕುಮಾರನೂ ನಕ್ಕ. ಅವಳು ಕೂತಾಗಲೆಲ್ಲ ಕಣ್ಣೆದುರೇ ಇದ್ದ ಚೀಲ. ಅದರೊಳಗಿನ ರೊಟ್ಟಿ ತಿಂದವನೂ ಅವನೇ. ಸಾಬಮ್ಮ ಮಾತ್ರ ನಗದೆ ಒಮ್ಮೆ ಮಿಸ್ತ್ರಿಯನ್ನು, ಒಮ್ಮೆ ಗಂಡನನ್ನು ನೋಡಿದಳು. ಬಸ್ಸಿನ ತಿರುಗಾಟ, ಈ ತವರಿನ ಪ್ರಯಾಣ, ಎಲ್ಲ ಅವಳಿಗೆ ಅಲ್ಲಿಯೇ ಅರ್ಥವಾಯಿತು.

ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಗಾಡಿ ಸದ್ದಿಲ್ಲದೆ ಹೊರಟಿತು. ಶಾಂತಕುಮಾರನಿಗೆ ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚು ಖುಷಿಯಾಗಿತ್ತು. ತವರಲ್ಲಿ ಉಳಿಯುವುದು ಬೇಡ, ಸಂಜೆಗೇ ಜೊತೆಗೆ ವಾಪಸ್ ಹೋಗೋಣ, ಅವ್ವನಿಗೆ ತಾನೇ ತಿಳಿಸಿ ಹೇಳುತ್ತೇನೆ ಎಂದು ಒಂದೇ ಸಮನೆ ಮಾತಾಡಿದ. ಅತನೂರಿನ ಮನೆಗಳು ಕಂಡಾಗ ಸಾಬಮ್ಮ ಅವನತ್ತ ತಿರುಗಿದಳು.

"ಮಿಸ್ತ್ರಿಗೆ ಅದು ಸಿಗಲಾರದೆ ಹೋಗಿದ್ರ, ನನ್ನ ಕರಕೊಂಡು ಹೋಗಾಕ ಬರ್ತಿದ್ರೇನ್ರಿ?"