ಆಯುಧಪೂಜೆಯ ತಗಡು

ಕಾಮಾಕ್ಷಮ್ಮ ಬಾಲ್ಕನಿಯಿಂದ ತಂದು ಚಾಪೆಯ ಮೇಲಿಟ್ಟ ತಗಡು ಫಳಫಳ ಹೊಳೆಯುತ್ತಿತ್ತು. ನಾಲ್ಕು ಮೂಲೆಗೂ ಅರಿಸಿನ, ನಟ್ಟನಡುವೆ ಹೆಬ್ಬೆರಳಲ್ಲಿ ಒತ್ತಿದ ಕುಂಕುಮ.

"ಇದ್ದ ಹುಣಸೆಹಣ್ಣೆಲ್ಲ ಇದಕ್ಕೇ ಮುಗ್ದೋಯ್ತು ಕಣಪ್ಪ. ಇನ್ನು ತರೋಗಂಟ ಸಾರು ಕೇಳಬ್ಯಾಡ," ಎಂದರು ಮಗನಿಗೆ. "ಏನ್ ಕೊಳೆ, ಏನ್ ಕತೆ! ಒಳಮೈಗೆ ನೀಲಿ ಪಾಚಿ ಕಟ್ಟಿದಂಗಿತ್ತು. ಸ್ಟೀಲಿನ ನಾರು ತಗೊಂಡು ಉಜ್ಜೀ ಉಜ್ಜೀ ತೆಗೆದೆ."

ಶ್ರೀನಾಥನ ಕೈಯಲ್ಲಿದ್ದ ಕಾಫಿ ಲೋಟ ಬಾಯಿಗೆ ಹೋಗದೆ ನಿಂತಿತು. ಬೆಳಿಗ್ಗೆ ಅವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಪ್ರೊಫೆಸರರ ಜೊತೆ ಮೀಟಿಂಗಿನಲ್ಲಿದ್ದಾಗ ಅಮ್ಮ ಬಾಗಿಲಲ್ಲಿ ನಿಂತು ಕೇಳಿದ್ದರು: "ಪೂಜೆಗೆ ಏನೇನಿಡ್ಲಪ್ಪ? ಊರಲ್ಲಾದ್ರೆ ನೇಗಿಲು, ಮಚ್ಚು, ಕುಡುಗೋಲು ಎಲ್ಲಾ ತೊಳೆದು ಇಡ್ತಿದ್ವಿ. ಇಲ್ಲಿ ನಿನ್ನ ಸೈಕಲ್ ಒಂದೇ." ಅವನು ತಿರುಗಿಯೂ ನೋಡದೆ, "ಬಾಲ್ಕನೀಲಿರೋದನ್ನೆಲ್ಲ ಇಡಮ್ಮ," ಎಂದಿದ್ದ. ಫೆಬ್ರವರಿಯಲ್ಲಿ ಮಗನನ್ನು ನೋಡಿಕೊಂಡು ಹೋಗಲೆಂದು ಬಂದು, ಕೊರೊನಾಕ್ಕೆ ವಿಮಾನ ನಿಂತು, ಜಪಾನಿನ ನೋಮಿ ಊರಿನ ಈ ಎರಡು ಕೋಣೆಯ ಮನೆಯಲ್ಲೇ ಉಳಿದುಹೋದ ಹೆಂಗಸು. ಹಬ್ಬದ ದಿನ ಕೈಗೆ ಕೆಲಸ ಸಿಕ್ಕಿದ್ದೇ ಅವರಿಗೆ ಹಿಗ್ಗು.

ತಗಡು ಹತ್ತಿರದ ಹಳ್ಳಿಯ ಮುದುಕರು ಕಿತಾಮುರಾ-ಸಾನ್ ಅವರದು. ಎರಡನೇ ಮಹಾಯುದ್ಧದ ಕಾಲದ ಕಾದಾಟದ ವಿಮಾನವೊಂದರ ಹೊಟ್ಟೆಭಾಗದ ಮುಚ್ಚಳ. ಯುದ್ಧ ಸೋತ ಮೇಲೆ ಉಳಿದ ವಿಮಾನಗಳನ್ನೆಲ್ಲ ಒಡೆದು ಕರಗಿಸುತ್ತಿದ್ದಾಗ, ರೈತನಾಗಿದ್ದ ಅವರ ಅಪ್ಪ ಒಂದಷ್ಟು ಚೂರುಗಳನ್ನು ಗಾಡಿಗೆ ಹೇರಿ ತಂದು ಕೋಳಿಗೂಡಿಗೆ ಛಾವಣಿ ಮಾಡಿಕೊಂಡಿದ್ದನಂತೆ. ಹಾಗೆ ಕೋಳಿಗಳ ದೆಸೆಯಿಂದ ಉಳಿದ ವಿಮಾನವನ್ನು ಮುದುಕರು ನಾಲ್ಕಾರು ಗೆಳೆಯರೊಂದಿಗೆ ಭತ್ತದ ಕೊಟ್ಟಿಗೆಯಲ್ಲಿ ಮತ್ತೆ ಜೋಡಿಸುತ್ತಿದ್ದರು. ಸೋಂಕಿಗೆ ಹೆದರಿ ಗೆಳೆಯರು ಬರುವುದು ನಿಂತಿತು. ಲೋಹ ತುಕ್ಕು ಹಿಡಿಯುವುದನ್ನೇ ಓದುತ್ತಿದ್ದ ಶ್ರೀನಾಥ ಮಾತ್ರ ಬಿಡದೆ ಹೋಗುತ್ತಿದ್ದ.

ಮುಚ್ಚಳದ ಒಳಮೈಯ ನೀಲಿ ಅರಗಿನ ಬಣ್ಣದ ಮೇಲೆ ಒಂದು ಸಣ್ಣ ಹೆಬ್ಬೆರಳಿನ ಗುರುತಿತ್ತು. ಬಣ್ಣ ಬಳಿದವರು ಯಾರೋ ಒಣಗುವ ಮೊದಲೇ ಮುಟ್ಟಿದ್ದರು. ಕಿತಾಮುರಾರ ಅಕ್ಕನನ್ನು ಹದಿನೈದನೆಯ ವಯಸ್ಸಿಗೆ ಶಾಲೆ ಬಿಡಿಸಿ ವಿಮಾನದ ಕಾರ್ಖಾನೆಗೆ ಬಣ್ಣ ಬಳಿಯಲು ಒಯ್ದಿದ್ದರು. ಬಾಂಬು ಬಿದ್ದ ದಿನ ಅವಳು ಮನೆಗೆ ಬರಲಿಲ್ಲ. "ಇದು ಅವಳದೇ ಎಂದು ನಾನು ಹೇಳಲಾರೆ," ಎಂದಿದ್ದರು ಮುದುಕರು. "ಅವಳದಲ್ಲ ಎಂದೂ ಯಾರೂ ಹೇಳಲಾರರಲ್ಲ." ತಗಡಿನ ಅಂಚು ತಿನ್ನುತ್ತಿದ್ದ ಬಿಳಿ ತುಕ್ಕು ಆ ಗುರುತಿನವರೆಗೆ ಹರಡದಂತೆ ತಡೆಯುತ್ತೇನೆಂದು ಹೇಳಿ ಶ್ರೀನಾಥನೇ ಅದನ್ನು ತಂದಿದ್ದ. ಇದ್ದಂತೆಯೇ ಮರಳಿಸುತ್ತೇನೆ ಎಂದೂ ಹೇಳಿದ್ದ.

ಅಮ್ಮನೆದುರು ಬಾಯಿಬಿಡಲಾಗದೆ, ಮಧ್ಯಾಹ್ನ ತಗಡನ್ನು ಬಟ್ಟೆಯಲ್ಲಿ ಸುತ್ತಿ ಹೊರಟ. ಕಾಮಾಕ್ಷಮ್ಮ ಕಡಲೆಕಾಳು ಉಸಲಿ ಡಬ್ಬಿಗೆ ತುಂಬಿಕೊಂಡು, "ಅಜ್ಜನ್ನ ನಾನೂ ನೋಡ್ಬೇಕು," ಎಂದು ಮಾಸ್ಕ್ ಕಟ್ಟಿಕೊಂಡು ಹಿಂದೆಯೇ ಬಂದರು.

ಸೋಂಕಿನ ಭಯಕ್ಕೆ ಕೊಟ್ಟಿಗೆಯ ಎರಡೂ ಬಾಗಿಲು ತೆರೆದಿದ್ದವು. ಕೊಯ್ಲಾದ ಗದ್ದೆಗಳ ಮೇಲಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಶ್ರೀನಾಥ ತಗಡನ್ನು ಮೇಜಿನ ಮೇಲೆ ಬಿಚ್ಚಿಟ್ಟು ಸೊಂಟ ಬಗ್ಗಿಸಿದ. "ಸುಮಿಮಾಸೆನ್," ಎಂದು ಕ್ಷಮೆ ಕೇಳಿದ.

ಮುದುಕರು ಕೈಗವಸು ಕಳಚಿದರು. ಗುರುತಿದ್ದ ಜಾಗದಲ್ಲಿ ಬೆರಳಿನಿಂದ ಒಮ್ಮೆ ತಡವಿದರು, ಸ್ವಲ್ಪ ಆಚೆ ಇನ್ನೊಮ್ಮೆ ತಡವಿದರು. ಆಮೇಲೆ ತಲೆಯೆತ್ತಿ ಕಾಮಾಕ್ಷಮ್ಮನಿಗೆ ಬಾಗಿ ನಮಸ್ಕರಿಸಿ, "ಚೆನ್ನಾಗಿ ಹೊಳೆಯುತ್ತಿದೆ. ಅಮ್ಮನವರಿಗೆ ಬಹಳ ಶ್ರಮ ಕೊಟ್ಟೆ. ಅರಿಗಾತೋ," ಎಂದು ಧನ್ಯವಾದ ಹೇಳಿದರು.

"ಏನಂದ್ರೋ?"

"ಚೆನ್ನಾಗಿ ಹೊಳೀತಿದೆ ಅಂದ್ರು."

"ಹೊಳೆಯೋದನ್ನ ಕಣ್ಣಾಗೆ ನೋಡ್ತಾರೆ. ಹಿಂಗೆ ಬೆರಳಾಡ್ಸಿ ಹುಡುಕ್ತಾರೇನೋ?" ಕಾಮಾಕ್ಷಮ್ಮನ ದನಿ ತಗ್ಗಿತು. "ಅಲ್ಲೇನಿತ್ತು, ಸರಿಯಾಗಿ ಹೇಳು."

ಅವನು ಹೇಳಿದ. ಕೇಳುತ್ತ ಕೇಳುತ್ತ ಅವರು ಉಸಲಿಯ ಡಬ್ಬಿಯನ್ನು ನೆಲಕ್ಕಿಟ್ಟು ತಮ್ಮ ಎರಡೂ ಅಂಗೈ ನೋಡಿಕೊಂಡರು. ಉಗುರಿನ ಸಂದಿಯಲ್ಲಿ ತಗಡಿನ ಕಪ್ಪು ಇನ್ನೂ ಹೋಗಿರಲಿಲ್ಲ.

"ಒಂದು ಮಾತು ಮೊದ್ಲೇ ಹೇಳಾಕೆ ಏನಾಗಿತ್ತೋ ನಿಂಗೆ?"

ಶ್ರೀನಾಥ ತಗಡು ಸುತ್ತಿ ತಂದಿದ್ದ ಬಟ್ಟೆಯನ್ನು ಮಡಚತೊಡಗಿದ. ಎಂಟು ತಿಂಗಳು ಒಂದೇ ಸೂರಿನಡಿ ಇದ್ದರೂ ಅಮ್ಮನಿಗೆ ಹೇಳದೆ ಉಳಿದ ಮಾತು ಅದೊಂದೇ ಆಗಿರಲಿಲ್ಲ.

ಕಾಮಾಕ್ಷಮ್ಮ ಮುಂದೆ ಹೋಗಿ, ತಾವಿಟ್ಟ ಕುಂಕುಮವನ್ನಾದರೂ ಒರೆಸೋಣವೆಂದು ಸೆರಗಿನ ತುದಿ ಹಿಡಿದು ಬಗ್ಗಿದರು. ಕಿತಾಮುರಾ ಥಟ್ಟನೆ ಕೈ ಅಡ್ಡ ಹಿಡಿದರು.

"ಈ ಕೆಂಪು ಬೆರಳಿನ ಗುರುತು ಯಾರದು?"

"ನಮ್ಮಮ್ಮನದು," ಎಂದ ಶ್ರೀನಾಥ.

"ಇರಲಿ."

ಗಾಳಿ ಬೀಸಿತು. ಕುಂಕುಮದ ಅಂಚು ಸಣ್ಣಗೆ ಚದುರತೊಡಗಿದಾಗ ಮುದುಕರು ದೀಪಕ್ಕೆ ಮರೆಮಾಡುವವರಂತೆ ಎರಡೂ ಅಂಗೈ ಅಡ್ಡ ಹಿಡಿದರು.

"ನೀರಲ್ಲಿ ಕಲಸಿ ಇಟ್ಟಿದ್ರೆ ನಿಲ್ತಿತ್ತು," ಎಂದರು ಕಾಮಾಕ್ಷಮ್ಮ, ಯಾರಿಗೂ ಅಲ್ಲದಂತೆ. ಶ್ರೀನಾಥ ಅದನ್ನು ಜಪಾನಿ ಭಾಷೆಗೆ ತಿರುಗಿಸಲಿಲ್ಲ. ಮುದುಕರ ಬೆರಳ ಸಂದಿಯಿಂದ ಕೆಂಪು ಪುಡಿ ಸ್ವಲ್ಪ ಸ್ವಲ್ಪವೇ ಹಾರಿಹೋಗುತ್ತಿತ್ತು.