ತಿಳಿಯಾದ ಬಾಟಲಿ

ಗಂಡನ ಮೂತ್ರದ ಕಣ ಪರೀಕ್ಷೆಗೆ ಎಂಟುನೂರು ರೂಪಾಯಿ, ವಕ್ಕಲೇರಿಯಿಂದ ಕೋಲಾರಕ್ಕೆ ಇಬ್ಬರ ಬಸ್ಸು, ಡೈರಿಗೆ ಹಾಕದೆ ತಪ್ಪಿದ ಒಂದು ಹೊತ್ತಿನ ಹಾಲು. ಸುನಂದ ಇದೆಲ್ಲ ಎರಡನೇ ಸಲ ಖರ್ಚು ಮಾಡಿಕೊಂಡು, ಆ ಗಂಡ ಚನ್ನರಾಯಪ್ಪನ ಪಕ್ಕ ಡಾಕ್ಟರ ಮುಂದೆ ಕೂತಿದ್ದಳು.

ಡಾಕ್ಟರು ಎರಡು ವರದಿಗಳನ್ನು ಅಕ್ಕಪಕ್ಕ ಇಟ್ಟರು. "ನಾಲ್ಕು ತಿಂಗಳ ಹಿಂದೆ ನೀವು ಮನೆಯಿಂದ ತಂದ ಬಾಟಲೀಲಿ ಕ್ಯಾನ್ಸರ್ ಕಣ ಒಂದೂ ಇರಲಿಲ್ಲ. ಅದಕ್ಕೇ ಆಪರೇಷನ್ ಬೇಡ, ಕಾಯೋಣ ಅಂದೆ. ಈ ಸಲ ಇಲ್ಲೇ ಹಿಡಿದದ್ದು, ತುಂಬ್ಕೊಂಡಿವೆ. ಸ್ಕ್ಯಾನಲ್ಲಿ ನೋಡಿದ್ರೆ ಶ್ವಾಸಕೋಶಕ್ಕೂ ಹೋಗಿದೆ. ಆವತ್ತು ಏನಾದ್ರೂ ಬೆರೆಸಿದ್ರೇನಮ್ಮಾ?"

ಚನ್ನರಾಯಪ್ಪ ನಕ್ಕ. "ಏನ್ ಸಾರ್, ಇಪ್ಪತ್ತು ವರ್ಷದಿಂದ ಡೈರಿಗೆ ಹಾಕೋ ಹಾಲಿಗೇ ಒಂದ್ ತೊಟ್ಟು ನೀರು ಬೆರೆಸಿದೋಳಲ್ಲ. ಉಚ್ಚೆಗೆ ಬೆರೆಸ್ತಾಳಾ?"

ಸುನಂದ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಂಡಿದಳು. "ಕೆಂಪಗಿತ್ತು ಸಾರ್. ಹಂಗೇ ತೋರಿಸಿದ್ರೆ ಮೂತ್ರಕೋಶ ತೆಗೆದು ಉಚ್ಚೆ ಹೋಗೋಕೆ ಹೊಟ್ಟೆಗೆ ಚೀಲ ಹಾಕ್ತೀರ ಅಂತ ಅರ್ಧ ಚೆಲ್ಲಿ ನೀರು ತುಂಬ್ದೆ. ತಿಳಿಯಾಯ್ತು."

"ನೀರು ಬಿದ್ರೆ ಕಣ ಒಡೆದುಹೋಗ್ತವಮ್ಮಾ," ಎಂದರು ಡಾಕ್ಟರು. "ಈಗ ಆಪರೇಷನ್ ಮಾಡೀನೂ ಪ್ರಯೋಜನ ಇಲ್ಲ."

ಚೀಲ ತಪ್ಪಿತು. ಗಂಡನನ್ನು ಉಳಿಸಿಕೊಳ್ಳಬಹುದಾಗಿದ್ದ ನಾಲ್ಕು ತಿಂಗಳು ಕಳೆದುಹೋಗಿದ್ದವು.